ಗಡಿಗೆ ಅಡ್ಡ ಬಿದ್ದ ಮರಗಳು

ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವಾಡಿದವರು ಸ್ವೀಡನ್ನಿನ ದೊರೆ, ಡೆನ್ಮಾರ್ಕಿನ ದೊರೆ. ಬಡವಾದವರು ಗಡಿಕಾಡಿನ ನಾವು. ಇಬ್ಬರಲ್ಲಿ ಒಬ್ಬನಾದರೂ ಈ ಕಾಡಿನ ಮುಖ ಕಂಡವನಲ್ಲ.

ಡೇನರು ಬಾರದಂತೆ ದಾರಿಗೆ ಅಡ್ಡವಾಗಿ ಮರ ಕೆಡವಿ ಎಂದು ನಮ್ಮ ಕಡೆಯ ಪಾರುಪತ್ಯಗಾರ ಅಪ್ಪಣೆ ಮಾಡಿದ. ಗಂಡಸರು ಕೊಯ್ಲು ಬಿಟ್ಟು ಕಡಿದರು. ಆಚೆಯವರಿಗೂ ಅವರ ದೊರೆಯಿಂದ ಅದೇ ಅಪ್ಪಣೆಯಂತೆ. ಎರಡೂ ಕಡೆಯ ಮರಗಳು ಒಂದರ ಮೇಲೊಂದು ಬಿದ್ದು ಗಡಿಕಲ್ಲೇ ಅಡಿಯಲ್ಲಿ ಮುಚ್ಚಿಹೋಯಿತು. ಅಷ್ಟಕ್ಕೂ ಆಚೆಯವರೆಂದರೆ ಯಾರು? ನನ್ನ ಅಕ್ಕ ಓಸಾಳ ಗಂಡ, ಅವನ ದಾಯಾದಿಗಳು, ನಮಗೆ ಉಪ್ಪು ಮಾರುವವರು. ದೊರೆಗಳು ಏನೇ ಮಾಡಿಕೊಳ್ಳಲಿ, ಒಬ್ಬರ ಮನೆಗೆ ಒಬ್ಬರು ಬೆಂಕಿ ಇಡುವುದಿಲ್ಲವೆಂದು ನಮ್ಮ ಕೈ ಹಿಡಿದು ಆಣೆ ಮಾಡಿದವರು.

ಅದೇ ವಾರ ಅಮ್ಮ ತೀರಿಕೊಂಡಳು. ಅಪ್ಪನನ್ನು ಹೂಳಿರುವುದು ಆಚೆಯ ಇಗರ್ಜಿಯ ಅಂಗಳದಲ್ಲಿ. ತನ್ನನ್ನೂ ಅವನ ಪಕ್ಕದಲ್ಲೇ ಮಲಗಿಸಬೇಕೆಂಬುದೊಂದೇ ಅವಳ ಆಸೆ. ಸುದ್ದಿ ಹೇಗೋ ಕಾಡು ದಾಟಿ ಅಕ್ಕನಿಗೆ ಮುಟ್ಟಿತ್ತು. ನಾನು, ತಮ್ಮ ಸುನೆ, ಊರವರು ಎಲ್ಲ ಸೇರಿ ಅಮ್ಮನನ್ನು ಹಲಗೆಗೆ ಕಟ್ಟಿ ಹೊತ್ತು ತಂದರೆ, ಮರಗಳ ಮುಂದೆ ಪಾರುಪತ್ಯಗಾರ ಇಬ್ಬರು ಭಟರೊಡನೆ ನಿಂತಿದ್ದ. ಶತ್ರುವಿನ ನೆಲಕ್ಕೆ ಕಾಲಿಟ್ಟವರು ದ್ರೋಹಿಗಳು ಎಂದ.

ನನ್ನ ಮೈ ಉರಿದುಹೋಯಿತು. "ಶತ್ರು ಅಂತೀರಲ್ಲ ಸ್ವಾಮಿ, ಅವ್ರು ಅಲ್ಲಿ ನಮ್ಮಮ್ಮಂಗೆ ಗುಂಡಿ ತೋಡಿ ಕಾಯ್ತಾ ಕೂತವ್ರೆ," ಎಂದೆ.

ಹೆಂಗಸು ನೀನು, ನಡುವೆ ಬಾಯಿ ಹಾಕಬೇಡ ಎಂದು ಗದರಿದ. ಆಗ ಸುನೆ ಮುಂದೆ ಬಂದ. ಅವನದು ಮೊದಲಿಂದಲೂ ತುಂಟ ನಾಲಿಗೆ.

"ಆಗ್ಲಿ ಸ್ವಾಮಿ. ಯಾವ ಮರದಿಂದಾಚೆ ಶತ್ರು ನೆಲ, ತೋರ್ಸಿಬಿಡಿ. ಅಲ್ಲೇ ನಿಂತ್ಕೋತೀವಿ."

ಪಾರುಪತ್ಯಗಾರ ಮರಗಳ ರಾಶಿ ನೋಡಿದ, ಭಟರ ಮುಖ ನೋಡಿದ. ಗೊತ್ತಿದ್ದರಲ್ಲವೇ ತೋರಿಸುವುದು? ಊರವರು ನಕ್ಕುಬಿಟ್ಟರು. ನಕ್ಕಿದ್ದೇ ತಪ್ಪಾಯಿತು. ಕೈಲಾಗದವನು ಮೈ ಪರಚಿಕೊಂಡ ಎಂಬ ಗಾದೆಯಿದೆ. ಇವನು ಪರಚಿದ್ದು ನಮ್ಮನ್ನು. ಹೆಣ ಹೋಗಲಿ, ಉಳಿದವರೂ ಹೋಗಲಿ, ಈ ನಾಲಿಗೆಯವನು ಮಾತ್ರ ಹೋಗಕೂಡದು ಎಂದು ಸುನೆಯ ಕೈಗೆ ಹಗ್ಗ ಬಿಗಿಸಿದ.

ಗಂಡಸರು ಕೊಡಲಿಗೆ ಕೈ ಹಾಕಿದರು. ಸುನೆಯೇ ಬೇಡವೆಂದು ತಲೆಯಾಡಿಸಿದ. "ಮೊದ್ಲು ಅಮ್ಮನ್ನ ಮುಟ್ಸಿ," ಎಂದ.

ದಿಮ್ಮಿಯಿಂದ ದಿಮ್ಮಿಗೆ ಕೈ ಬದಲಿಸುತ್ತ ಅಮ್ಮನನ್ನು ದಾಟಿಸಿದೆವು. ನಡುವೆ ಎಲ್ಲೋ ಭಾವನ ಕಡೆಯವರ ಕೈಗಳೂ ಬಂದು ಸೇರಿದವು. ಅದರಲ್ಲಿ ಯಾವುದು ಯಾವ ದೊರೆಯ ಕೈ ಎಂದು ನನಗಂತೂ ಗೊತ್ತಾಗಲಿಲ್ಲ.

ಗುಂಡಿಯ ಬಳಿ ಪಾದ್ರಿ, ಮಗನೆಲ್ಲಿ, ಮೊದಲ ಹಿಡಿ ಮಣ್ಣು ಅವನದಲ್ಲವೇ ಎಂದು ಕೇಳಿದ. ನಾನು ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡೆ. ಒಂದು ಹಿಡಿ ಸುನೆಯದೆಂದು ಹೇಳಿ ಹಾಕಿದೆ. ಇನ್ನೊಂದು ಹಿಡಿ ಬಹಳ ಹೊತ್ತು ಮುಷ್ಟಿಯಲ್ಲೇ ಉಳಿಯಿತು. ಆ ಇಬ್ಬರು ದೊರೆಗಳು ಎದುರಿಗಿದ್ದಿದ್ದರೆ ಅದನ್ನು ಅವರ ಬಾಯಿಗೇ ಹಾಕುತ್ತಿದ್ದೆ.