ಬಿಟ್ಟುಹೋದವರ ಮನೆಗಳು

ದೊಡ್ಡಮ್ಮನ ಬಾಯಿಗೆ ಹೆದರದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಕಲ್ಲಿದ್ದಲು ಸುಡುವ ವಿದ್ಯುತ್ ಘಟಕದವರು ಎರಡನೇ ಚಿಮಣಿ ಎಬ್ಬಿಸಲು ಹೊರಟಾಗ ಅದರ ವಿರುದ್ಧ ಸಂಘ ಕಟ್ಟಿದವಳು ಅವಳೇ. ಮೊದಲ ವರ್ಷ ಸಭೆಗೆ ಕುರ್ಚಿ ಸಾಲುತ್ತಿರಲಿಲ್ಲ. ಈಗ ಬರುವವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದು. ಮುಂದಿನ ವಾರ ಅಧಿಕಾರಿಗಳ ಮುಂದೆ ಅಹವಾಲು ಸಭೆ. ಸಭಾಂಗಣ ಖಾಲಿ ಇದ್ದರೆ 'ಜನರ ವಿರೋಧವಿಲ್ಲ' ಎಂದು ಬರೆದು ಎದ್ದುಹೋಗುತ್ತಾರೆ.

ಪರಿಸರ ಚಳವಳಿಗೆ ಜನ ಯಾಕೆ ಬರುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಆ ಬೆಂಚಿನವರನ್ನೇ ಮತ್ತೆ ಮತ್ತೆ ಕೇಳಿದ್ದೆ. ಮಕ್ಕಳ ಭವಿಷ್ಯ, ಭೂಮಿಯ ಬಿಸಿ, ನ್ಯಾಯ ಎಂದಿದ್ದರು. ಮಾರ್ಗದರ್ಶಕರು ಓದಿ ನಕ್ಕರು.

"ಸಿನಿಮಾ ಹೇಗಿತ್ತು ಅಂತ ಕೊನೇವರೆಗೂ ಕೂತವರನ್ನೇ ಕೇಳಿದ್ದೀಯ. ಮಧ್ಯದಲ್ಲಿ ಎದ್ದುಹೋದವರನ್ನ ಕೇಳಮ್ಮ."

ಹೋಗಿ ಕೇಳಿದೆ. ಹೆಸರು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಾಯಿಬಿಟ್ಟರು. ಹವಾಮಾನದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ದೊಡ್ಡಮ್ಮನ ಬಗ್ಗೆ ಇತ್ತು. ಒಬ್ಬರು ಪ್ಲಾಸ್ಟಿಕ್ ಬಾಟಲಿ ತಂದಿದ್ದಕ್ಕೆ ಎಲ್ಲರೆದುರು ಉಗಿಸಿಕೊಂಡಿದ್ದರು. ಇನ್ನೊಬ್ಬರಿಗೆ 'ನಿನ್ನಂಥವರಿಂದಲೇ ಭೂಮಿ ಹಾಳಾಗಿದ್ದು' ಎಂಬ ಪ್ರಶಸ್ತಿ ಸಿಕ್ಕಿತ್ತು. ಅವರ ಕಸುಬು ಹೇಳಿದರೆ ಗುರುತು ಹತ್ತುತ್ತದೆ, ಹೇಳುವುದಿಲ್ಲ.

ಊಟದ ಮೇಜಿನ ಮೇಲೆ ಕರಪತ್ರ ಮಡಚುತ್ತಿದ್ದ ದೊಡ್ಡಮ್ಮ ತಲೆಯೆತ್ತಿದಳು.

"ಹೇಳೇ, ಯಾಕೆ ಬಿಟ್ಟರಂತೆ? ಹೆದರಿದ್ರಾ?"

"ಇಲ್ಲ. ನಿನ್ನ ಬೈಗುಳ ತಡ್ಕೊಳ್ಳೋಕಾಗ್ದೆ ಬಿಟ್ಟರು."

ಒಳಗಿನಿಂದ ದೊಡ್ಡಪ್ಪ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

"ಯಾರು ಹಾಗಂದಿದ್ದು?"

"ಹೇಳಲ್ಲ."

"ನಿನ್ನ ಎತ್ತಿ ಆಡಿಸಿದವಳು ಕಣೇ ನಾನು!"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಾತು ಕೊಟ್ಟಿದ್ದೀನಿ."

"ಹೆಸರೇ ಗೊತ್ತಿಲ್ಲದೆ ಯಾರ ಹತ್ರ ತಪ್ಪಾಯ್ತು ಅನ್ನಲಿ?"

ನಾನು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಕೈಗೆ ಸಿಕ್ಕ ಕರಪತ್ರವೊಂದನ್ನು ಮಡಚತೊಡಗಿದೆ.

"ಹಾಗಾದ್ರೆ ಬಿಟ್ಟವರೆಲ್ಲರ ಮನೆಗೂ ಹೋಗ್ಬೇಕು," ಎಂದಳು, ಗ್ಯಾಸ್ ಮುಗಿದಿದೆ ಎನ್ನುವ ಧ್ವನಿಯಲ್ಲಿ.

ಕ್ಷಮೆ ಕೇಳಿದರೆ ಜನ ವಾಪಸು ಬರುತ್ತಾರೆ ಎನ್ನುವುದಕ್ಕೆ ಪುರಾವೆ ಏನೂ ಇಲ್ಲ ಎಂದು ಎಚ್ಚರಿಸಿದೆ.

"ಬರಲಿ, ಬಿಡಲಿ. ಬೈದಿದ್ದು ನಾನಲ್ವಾ?"

ನನ್ನ ಮುಖ ನೋಡಿ ದೂರಿದ್ದು ಯಾರೆಂದು ದೊಡ್ಡಮ್ಮ ಪತ್ತೆ ಹಚ್ಚಬಾರದಲ್ಲ, ಅದಕ್ಕೆ ನಾನು ಜೊತೆಗೆ ಹೋಗಲಿಲ್ಲ. ದೊಡ್ಡಪ್ಪ ಹೋದರು, ದಿನಾ ಸಂಜೆ ಬಂದು ವರದಿ ಒಪ್ಪಿಸಿದರು. ಒಂದು ಮನೆಯವರು ಬಾಗಿಲೇ ತೆಗೆಯಲಿಲ್ಲ. ಇನ್ನೊಂದರಲ್ಲಿ ಸೊಸೆಯೊಬ್ಬಳು ಅತ್ತೆಯ ಎದುರೇ ದೊಡ್ಡಮ್ಮನನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ಮನಸಾರೆ ಝಾಡಿಸಿದಳು. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು ಕೈಮುಗಿದಳು. ಎಡವಟ್ಟಾಗಿದ್ದು ಸಂಘ ಬಿಟ್ಟಿದ್ದ ಕ್ಷೌರಿಕನ ಅಂಗಡಿಯಲ್ಲಿ.

"ನನ್ನಿಂದ ಬೇಜಾರಾಗಿದ್ರೆ ತಪ್ಪಾಯ್ತಪ್ಪ," ಅಂದಳಂತೆ.

"ಅಯ್ಯೋ ಅಕ್ಕಾ, ನನಗೇನು ಬೇಜಾರು? ನಾನು ಸೋಮಾರಿ, ಅಷ್ಟೇ."

"ಸೋಮಾರಿನಾ? ನಾಚಿಕೆ ಆಗಲ್ವಾ ನಿನ—" ಎಂದವಳು ಬಾಯಿ ಮುಚ್ಚಿಕೊಂಡಳಂತೆ.

"ಬೈಗುಳ ಅರ್ಧಕ್ಕೆ ನಿಲ್ಲಿಸಿದ್ದು ಮದುವೆ ಆದಾಗಿಂದ ಇದೇ ಮೊದಲು," ಎಂದರು ದೊಡ್ಡಪ್ಪ. ಹೆಂಡತಿಯನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದನ್ನು ನಾನೂ ಮೊದಲ ಸಲ ಕಂಡೆ. ನಾನು ಓದಿದ ನಾಯಕರ ಕಥೆಗಳಲ್ಲಿ ಜೈಲಿಗೆ ಹೋದವರು ಬೇಕಾದಷ್ಟು ಜನ. ಹೀಗೆ ಮನೆ ಮನೆಗೆ ಹೋದವರು ಒಬ್ಬರೂ ಸಿಕ್ಕಿರಲಿಲ್ಲ.

ಅಹವಾಲು ಸಭೆಯ ದಿನ ಸಭಾಂಗಣ ಪೂರ್ತಿ ತುಂಬಲಿಲ್ಲ. ಆದರೆ ವಿರೋಧವಿಲ್ಲ ಎಂದು ಬರೆಯುವಷ್ಟು ಖಾಲಿಯೂ ಇರಲಿಲ್ಲ. ಮೊದಲು ಯಾರು ಮಾತಾಡುತ್ತೀರಿ ಎಂದು ಅಧಿಕಾರಿ ಕೇಳಿದರು. ದೊಡ್ಡಮ್ಮ ಅಭ್ಯಾಸಬಲದಿಂದ ಎದ್ದಳು. ಮತ್ತೆ ಕೂತು ಹಿಂದೆ ತಿರುಗಿ, "ನೀವು ಹೇಳಿ," ಎಂದಳು.

ಸಂಘ ಬಿಟ್ಟುಹೋಗಿದ್ದ ಹೆಂಗಸೊಬ್ಬರು ಹಿಂದಿನ ಸಾಲಿನಲ್ಲಿ ಎದ್ದು ನಿಂತರು. ಚಿಮಣಿಯ ಎತ್ತರವನ್ನು ತಪ್ಪಾಗಿ ಹೇಳಿದರು. ಪಕ್ಕದಲ್ಲಿದ್ದ ದೊಡ್ಡಮ್ಮ ನನ್ನ ಮೊಣಕೈಯನ್ನು ಬಲವಾಗಿ ಹಿಸುಕಿದಳು. ಆಮೇಲೆ ಆ ಹೆಂಗಸು ಇನ್ನೂ ಎರಡು ತಪ್ಪು ಹೇಳಿದರು. ದೊಡ್ಡಮ್ಮ ಒಂದನ್ನೂ ತಿದ್ದಲಿಲ್ಲ.

ಮೊಣಕೈ ಸಂಜೆಯವರೆಗೂ ನೋಯುತ್ತಿತ್ತು.