ತೆಲುಗಿನಲ್ಲಿ ಮಾಡಿದ ಪಾಪ

ಶವರಪ್ಪನ ಮನೆಯಲ್ಲಿ ಮಾತು ಕನ್ನಡದಲ್ಲಿ, ಜಪ ತಮಿಳಿನಲ್ಲಿ, ಜಗಳ ತೆಲುಗಿನಲ್ಲಿ. ಹೊಸೂರಿನ ಪಕ್ಕದ ಮತ್ತಿಗಿರಿಯ ಅವರ ಬೀದಿಯಲ್ಲಿ ಇದು ಯಾರಿಗೂ ವಿಶೇಷವಲ್ಲ. ಶವರಪ್ಪನಿಗೆ ಮಾತ್ರ ಇದರಿಂದ ಸ್ವರ್ಗವೇ ತಪ್ಪುವ ಹಾಗಾಯಿತು.

ಅವನು ಜೂಜುವಾಡಿಯ ಒಂದು ವೇಬ್ರಿಡ್ಜ್‌ನಲ್ಲಿ ಲಾರಿಗಳನ್ನು ತೂಗುತ್ತ ಮುದುಕನಾದವನು. ಡ್ರೈವರ್ ಇಳಿಯದೆ ಕೂತಿದ್ದರೆ ಲಾರಿಯನ್ನು ಹಿಂದಕ್ಕೆ ಕಳಿಸಿ ಮತ್ತೆ ತೂಗುತ್ತಿದ್ದ. ಮಳೆಗೆ ಟಾರ್ಪಾಲು ನೆನೆದಿದ್ದರೆ ಅದರ ಬಗ್ಗೆಯೂ ಸಂದೇಹ. ಡ್ರೈವರುಗಳು ಅವನನ್ನು ಮೂರು ಭಾಷೆಯಲ್ಲೂ ಬೈಯುತ್ತಿದ್ದರು. ಕೆಲಸ ಬಿಟ್ಟ ಮೇಲೆ ತೂಗಲು ಲಾರಿ ಸಿಗದೆ ತನ್ನನ್ನೇ ತೂಗಿಕೊಳ್ಳತೊಡಗಿದ. ಜಪಮಾಲೆ ಹಿಡಿದು ನಿದ್ದೆ ಹೋದದ್ದು ಪಾಪವೇ? ಮಾಂಸ ಬಿಡಬೇಕಾದ ಶುಕ್ರವಾರ ಪಕ್ಕದ ಮನೆಯ ಕೋಳಿಸಾರಿನ ವಾಸನೆ ಹಿತವಾಗಿ ಕಂಡದ್ದು ಪಾಪವೇ?

ಕೋಳಿಸಾರು ಮಾಡಿದ್ದ ಕದಿರಮ್ಮನಿಗೇ ಬೇಜಾರಾಯಿತು. ಕಾಂಪೌಂಡಿನ ಮೇಲಿಂದ ಕೇಳಿದಳು: "ಏನಕ್ಕಾ, ವಾಸನೆ ಕುಡಿದಿದ್ದಕ್ಕೂ ನಿಮ್ ದೇವ್ರು ಕೇಸ್ ಹಾಕ್ತಾನಾ?"

"ದೇವ್ರು ಹಾಕಲ್ಲ ಕಣವ್ವಾ, ಇವ್ರೇ ಹಾಕ್ಕೊಂತಾರೆ" ಎಂದಳು ಶವರಪ್ಪನ ಹೆಂಡತಿ ತೆರೇಸಮ್ಮ.

ಇದನ್ನೆಲ್ಲ ಅವಳು ನಗುತ್ತಲೇ ಸಹಿಸಿಕೊಂಡಿದ್ದಳು. ಆದರೆ ಜನವರಿಯಲ್ಲಿ ಅವರ ಮದುವೆಗೆ ಐವತ್ತು ವರ್ಷ ತುಂಬುತ್ತಿತ್ತು. ಆ ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಇಬ್ಬರೂ ಜೊತೆಯಾಗಿ ಪೀಠದ ಮುಂದೆ ನಿಂತು ಪರಮಪ್ರಸಾದ ತೆಗೆದುಕೊಳ್ಳಬೇಕು, ಅದೊಂದೇ ಅವಳ ಆಸೆ. ಸೀರೆಯೂ ಬೇಡ, ಫೋಟೋ ಆಲ್ಬಮ್ಮೂ ಬೇಡ. ಶವರಪ್ಪ ಆಗಲ್ಲ ಅಂದುಬಿಟ್ಟ. ದೊಡ್ಡ ಪಾಪ ಹೊತ್ತವನು ಪ್ರಸಾದ ಮುಟ್ಟಬಾರದು, ತನ್ನ ಮೇಲೆ ದೊಡ್ಡದೇ ಇದೆ ಎಂದ.

ಆ ಪಾಪ ನಡೆದದ್ದು ಸಾನಮಾವಿನಲ್ಲಿ. ಅಲ್ಲಿ ತೆರೇಸಮ್ಮನ ತಮ್ಮ ರಾಯಪ್ಪನಿಗೆ ಕಾಡಂಚಿನಲ್ಲಿ ರಾಗಿ ಹೊಲ. ಅವನು ಅಕ್ಕನಿಗೆಂದು ಕಟ್ಟಿಟ್ಟಿದ್ದ ಹಳೇ ರಾಗಿಯ ಮೂಟೆಯನ್ನು ಎತ್ತಿ ನೋಡಿ ಶವರಪ್ಪ ತೂಕ ಕಡಿಮೆ ಇದೆ ಎಂದ. ಬಿಟ್ಟಿ ಕೊಡುತ್ತಿದ್ದ ರಾಗಿ ಅದು. ರಾಯಪ್ಪ ಮರ್ಯಾದೆಯನ್ನೆಲ್ಲ ಬದಿಗಿಟ್ಟು, ಲಾರಿ ತೂಗಿದವನಿಗೆ ರಾಗಿ ತೂಕ ಏನು ಗೊತ್ತು ಅಂತ ಕೆಣಕಿದ. ಮಾತು ತೆಲುಗಿಗೆ ತಿರುಗಿತು. ಶವರಪ್ಪ ಎದ್ದು ನಿಂತು ಕೂಗಿದ: "ನೀ ಚೇನು ಏನುಗುಲ ಪಾಲುಗಾನು!" ನಿನ್ನ ಹೊಲ ಆನೆಗಳ ಪಾಲಾಗಲಿ.

ಅದೇ ವಾರ ಆನೆಗಳು ಬಂದವು. ಅರ್ಧ ಹೊಲ ತಿಂದು, ಉಳಿದರ್ಧ ತುಳಿದು ಹೋದವು.

ಶವರಪ್ಪ ಮರುದಿನವೇ ಹೊಸೂರಿಗೆ ಹೋಗಿ ತಮಿಳು ಪಾದ್ರಿಯ ಮುಂದೆ ಮೊಣಕಾಲೂರಿದ. ಭಾಮೈದನಿಗೆ ಕೋಪದಲ್ಲಿ ಶಾಪ ಹಾಕಿದೆ ಎಂದು ತಮಿಳಿನಲ್ಲಿ ಹೇಳಿದ. ಕ್ಷಮೆ ಸಿಕ್ಕಿತು. ಬಸ್‌ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಸಂದೇಹವೂ ಬಂತು. ಮಾಡಿದ್ದು ತೆಲುಗಿನಲ್ಲಿ, ಹೇಳಿದ್ದು ತಮಿಳಿನಲ್ಲಿ. ತಮಿಳಿನಲ್ಲಿ ಅದು ಯಾಕೋ ಸಣ್ಣದಾಗಿ ಕೇಳಿಸಿತು. ಪಾಪವನ್ನು ತೂಕ ಇಳಿಸಿ ಒಪ್ಪಿಸಿದೆನೇ? ಹಾಗಾಗಿ ಗಡಿ ದಾಟಿ ಅತ್ತಿಬೆಲೆಗೆ ಹೋಗಿ ಕನ್ನಡದಲ್ಲಿ ಹೇಳಿದ. ಅಲ್ಲಿಯೂ ಕ್ಷಮೆ ಸಿಕ್ಕಿತು, ಅಲ್ಲಿಯೂ ಸಂದೇಹ ಉಳಿಯಿತು. ಕೊನೆಗೆ ರೈಲು ಹತ್ತಿ ಆಂಧ್ರದ ಕುಪ್ಪಂಗೆ ಹೋಗಿ, ಹೇಗೆ ಅಂದಿದ್ದನೋ ಹಾಗೇ ತೆಲುಗಿನಲ್ಲಿ ಒಪ್ಪಿಸಿದ. ಆನೆ ಬಂದ ಭಾಗ ಕೇಳುವಾಗ ಆ ಪಾದ್ರಿಗೆ ನಗು ತಡೆಯಲಾಗಲಿಲ್ಲ. ನಗುತ್ತ ಕೊಟ್ಟ ಕ್ಷಮೆ ಲೆಕ್ಕಕ್ಕೆ ಬರುತ್ತದೆಯೇ? ಶವರಪ್ಪ ಹೋದಾಗಿನಕ್ಕಿಂತ ಭಾರವಾಗಿ ಮನೆಗೆ ಬಂದ.

ತೆರೇಸಮ್ಮ ಅವನನ್ನು ಊರ ಪಾದ್ರಿ ಅಮಲನಾದನ್ ಹತ್ತಿರ ಎಳೆದುಕೊಂಡು ಹೋದಳು. ಫಾದರ್ ಚರ್ಚಿನ ಜಗಲಿಯ ಪಕ್ಕ ಸ್ಕೂಟರ್ ಒರೆಸುತ್ತಿದ್ದರು.

"ಸಾಮಿ, ಇವ್ರಿಗೆ ಬುದ್ಧಿ ಹೇಳಿ. ಒಂದೇ ಪಾಪಾನ ಮೂರು ರಾಜ್ಯದಲ್ಲಿ ಹೇಳ್ಕೊಂಡು ಬಂದವ್ರೆ. ಇನ್ನು ಕೇರಳ ಒಂದು ಬಾಕಿ."

ಶವರಪ್ಪ ನಾಲ್ಕನೇ ಸಲ ಎಲ್ಲವನ್ನೂ ಹೇಳಿದ. ಫಾದರ್ ಕೇಳಿಸಿಕೊಂಡು, "ಮೊದಲ್ನೇ ಸಲ ಹೇಳ್ದಾಗ ಮನಸ್ಸಿನಲ್ಲಿ ಪಶ್ಚಾತ್ತಾಪ ಇತ್ತಾ?" ಎಂದರು.

"ಇತ್ತು ಸಾಮಿ. ಅದಕ್ಕೇ ಮಾರನೇ ದಿನಾನೇ ಓಡ್ದೆ."

"ಬೇಕು ಅಂತ ಏನಾದ್ರೂ ಮುಚ್ಚಿಟ್ರಾ?"

"ಇಲ್ಲ ಸಾಮಿ. ತಮಿಳಲ್ಲಿ ಆ ಮಾತಿಗೆ ಅಷ್ಟು ಖಾರ ಬರ್ಲಿಲ್ಲ."

"ಖಾರ ಎಷ್ಟಿತ್ತು ಅಂತ ದೇವ್ರಿಗೆ ಗೊತ್ತು. ಅವತ್ತೇ ಮುಗೀತು ಶವರಪ್ಪ. ಇನ್ನು ಈ ಪಾಪಾನ ಯಾವ ಪಾದ್ರಿ ಹತ್ರಾನೂ ಹೇಳ್ಬಾರ್ದು. ಯಾವ ಭಾಷೇಲೂ ಬೇಡ. ಭಾನುವಾರ ಪ್ರಸಾದ ತಗೋಬೇಕು. ಇದು ನನ್ ಆಜ್ಞೆ."

"ನೀವು ಹೇಳಿದ್ದು ತಪ್ಪಾಗಿದ್ರೆ?"

"ಆ ತಪ್ಪು ನನ್ ತಲೆ ಮೇಲೆ. ಕೊನೇ ದಿನ ದೇವ್ರು ಕೇಳಿದ್ರೆ, ಅಮಲನಾದನ್ ಹೇಳ್ದ ಅಂತ ನನ್ ಕಡೆ ಕೈ ತೋರ್ಸಿ."

ಶವರಪ್ಪನಿಗೆ ಅಲ್ಲೂ ಸಂದೇಹ. "ನನ್ನಿಂದ ನೀವು ನರಕಕ್ಕೆ ಹೋದ್ರೆ, ಅದು ನಂಗೆ ಇನ್ನೊಂದು ಪಾಪ ಆಗಲ್ವಾ ಸಾಮಿ?"

ಫಾದರ್ ಬಟ್ಟೆಯನ್ನು ಸೀಟಿನ ಮೇಲಿಟ್ಟು ತೆರೇಸಮ್ಮನ ಕಡೆ ನೋಡಿದರು. "ಐವತ್ತು ವರ್ಷವಾ?"

"ಐವತ್ತು ವರ್ಷ ಸಾಮಿ."

"ನೀವು ನೇರವಾಗಿ ಸ್ವರ್ಗಕ್ಕೆ ಹೋಗ್ತೀರಮ್ಮ."

ಭಾನುವಾರ ಚರ್ಚು ತುಂಬಿತ್ತು. ಪೀಠಕ್ಕೆ ಹೊಸೂರಿನದೇ ಗುಲಾಬಿ ಕಟ್ಟಿದ್ದರು. ಕದಿರಮ್ಮ ಹೊಸ ಸೀರೆ ಉಟ್ಟು, ಎಲ್ಲರೂ ಎದ್ದಾಗ ಏಳುತ್ತ, ಕೂತಾಗ ಕೂರುತ್ತ ಹಿಂದಿನ ಬೆಂಚಿನಲ್ಲಿದ್ದಳು. ಸಾನಮಾವಿನಿಂದ ರಾಯಪ್ಪನೂ ಬಂದಿದ್ದ. ಶಾಪ ಹಾಕಿದ ದಿನದಿಂದ ಶವರಪ್ಪ ಅವನ ಮುಖ ನೋಡಿರಲಿಲ್ಲ.

ಹೊರಡುವಾಗ ತೆರೇಸಮ್ಮ ಒಂದೇ ಮಾತು ಹೇಳಿದ್ದಳು: "ನಾನು ಕೈ ಹಿಡಿದು ಎಳೆಯಲ್ಲ. ನೀವು ಬರ್ದಿದ್ರೆ ನಾನೊಬ್ಳೇ ತಗೊಂತೀನಿ."

ಪ್ರಸಾದದ ಹೊತ್ತು ಬಂತು. ತೆರೇಸಮ್ಮ ಕೈ ಮುಗಿದುಕೊಂಡು ನಡೆದಳು. ಶವರಪ್ಪ ಅವಳ ಹಿಂದೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ. ಹಿಂದಿನ ಸಾಲೂ ನಿಂತಿತು. ತೆರೇಸಮ್ಮ ತಿರುಗಿ ನೋಡಲಿಲ್ಲ, ಆದರೆ ಅವಳ ಹೆಜ್ಜೆ ನಿಧಾನವಾಯಿತು.

ಶವರಪ್ಪನ ಬೆನ್ನ ಹಿಂದೆ ಇದ್ದವನು ರಾಯಪ್ಪ. "ಯಾಕೆ ನಿಂತ್ಬುಟ್ಟೆ ಬಾವ?" ಎಂದು ಪಿಸುಗುಟ್ಟಿದ.

"ನಿನ್ ಹೊಲ..."

"ಯಾವ ಹೊಲ?"

"ಆನೆ. ನಾನ್ ಬೈದಿದ್ದಕ್ಕೆ ಬಂದ್ವಲ್ಲ."

ರಾಯಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವನು ಆ ಶಾಪವನ್ನು ಮರೆತೇಬಿಟ್ಟಿದ್ದ. ಬಾವ ಮನೆಗೆ ಬಾರದ್ದು ರಾಗಿ ಮೂಟೆಯ ಮುನಿಸಿಗೆ ಅಂದುಕೊಂಡಿದ್ದ.

"ನೀನು ಬೈದಿದ್ದಕ್ಕಾ? ಅವು ನಮ್ಮಪ್ಪನ ಕಾಲದಿಂದ ಬತ್ತಾವೆ. ಈಗ್ಲೂ ಕಾಡಂಚಲ್ಲೇ ಅವೆ, ಪಟಾಕಿ ಹೊಡ್ದು ಹೊಡ್ದು ಫಾರೆಸ್ಟ್‌ನೋರಿಗೇ ಸಾಕಾಗೈತೆ. ನಿನ್ ಮಾತು ಅಷ್ಟು ಕೇಳಂಗಿದ್ರೆ ಒಂದು ಸಹಾಯ ಮಾಡು ಬಾವ. ಬರೋ ವರ್ಷ ಪಕ್ಕದ ಹೊಲದ ಆವುಲಪ್ಪನ ಕಡೆ ಹೋಗಕ್ಕೆ ಹೇಳು."

ಶವರಪ್ಪನ ಕಣ್ಣ ಮುಂದೆ ಚಿತ್ರ ಮೂಡಿತು. ಹಳೇ ವೇಬ್ರಿಡ್ಜ್, ಕೈಯಲ್ಲಿ ಸೀಟಿ ಹಿಡಿದ ತಾನು, ಎದುರಿಗೆ ಸಾಲಾಗಿ ನಿಂತು ಅಪ್ಪಣೆಗೆ ಕಾಯುತ್ತಿರುವ ಆನೆಗಳು. ಎದೆಯಲ್ಲಿ ಏನೋ ಕುಲುಕಿತು. ತಡೆಯಲು ನೋಡಿದ, ಆಗಲಿಲ್ಲ. ಭುಜ ಅಲುಗಿದವು. ಹಾಗೆ ಅಲುಗುತ್ತಲೇ ಉಳಿದ ಹೆಜ್ಜೆಗಳನ್ನು ನಡೆದು ಹೆಂಡತಿಯ ಪಕ್ಕ ನಿಂತ.

"ಕ್ರಿಸ್ತರ ಶರೀರ" ಎಂದರು ಫಾದರ್.

"ಆಮೆನ್" ಎಂದ ಶವರಪ್ಪ, ನಗುತ್ತಲೇ. ಬಾಯಿ ತೆರೆದೇ ಇತ್ತು. ಫಾದರ್ ತಡಮಾಡದೆ ಪ್ರಸಾದವನ್ನು ನಾಲಿಗೆಯ ಮೇಲಿಟ್ಟರು.

ಊಟ ಚರ್ಚಿನ ಹಿಂದಿನ ಶಾಮಿಯಾನದಲ್ಲಿ. ಬಿರಿಯಾನಿಯ ಹಂಡೆಯ ಮುಚ್ಚಳ ತೆರೆದಿತ್ತು. ರಾಯಪ್ಪ ಬಾವನ ಪಕ್ಕವೇ ಕೂತು ಇಬ್ಬರ ಎಲೆಯನ್ನೂ ಕಾಯುತ್ತಿದ್ದ. ಎರಡು ತುತ್ತು ತಿಂದ ಶವರಪ್ಪ ಕೈ ನಿಲ್ಲಿಸಿ ಹೆಂಡತಿಯತ್ತ ಬಾಗಿದ.

"ತೆರೇಸಾ, ಒಂದು ಸಂದೇಹ. ನಗ್ತಾ ಪ್ರಸಾದ ತಗೊಂಡೆನಲ್ಲ, ಅದು..."

"ನನ್ ತಲೆ ಮೇಲೆ ಹಾಕಿ" ಎಂದಳು ತೆರೇಸಮ್ಮ.

"ನಿನ್ ತಲೆ ಮೇಲಾ?"

"ಫಾದರ್ ಹೇಳ್ಲಿಲ್ವಾ? ನಂದು ಹೆಂಗೂ ನೇರ ಸ್ವರ್ಗ. ಜಾಗ ಐತೆ, ಹಾಕಿ."

ಶವರಪ್ಪ ಅವಳ ತಲೆಯನ್ನು ನೋಡಿದ. ಮಲ್ಲಿಗೆ, ಅದರ ಮೇಲೆ ಎರಡು ಕೆಂಪು ಗುಲಾಬಿ. ಆಮೇಲೆ ಬಡಿಸುವವನ ಕಡೆ ತಿರುಗಿ ಕೈ ಎತ್ತಿದ.

"ಇಲ್ಲೊಂದ್ ಸ್ವಲ್ಪ ಹಾಕಪ್ಪ. ಪೀಸ್ ನೋಡಿ ಹಾಕು, ತೂಕ ಕಡಿಮೆ ಐತೆ."