ಮಸುಕಾದರೂ ಗೆರೆ ಗೆರೆಯೇ

ಜ್ವರ ಬಂದರೆ ನಾವು ಮೊದಲು ಹುಡುಕೋದು ಡಾಕ್ಟರನ್ನಲ್ಲ, ಕಪಾಟಿನ ಮೂಲೆಯಲ್ಲಿರೋ ಹಳೇ ಮಾತ್ರೆಯನ್ನ. ಯಾರಿಗೋ ಯಾವಾಗಲೋ ಕೊಟ್ಟಿದ್ದು, ಅರ್ಧ ನುಂಗಿ ಉಳಿಸಿದ್ದು, ಯಾತಕ್ಕೆ ಅಂತ ಯಾರಿಗೂ ನೆನಪಿಲ್ಲದ್ದು. ಈ ಅಕ್ಕಸಾಲಿಗನ ಮನೇಲೂ ಹಾಗೇ ಆಯ್ತು.

ಅವನ ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿ ಅಂದರೆ ಒಂದೇ ಕೋಣೆ. ಕಿಟಕಿಗೆ ಒತ್ತಿಕೊಂಡು ಕೆಲಸದ ಮಣೆ, ಗೋಡೆಗೆ ಚಿಮಟಗಳ ಸಾಲು. ಯಾರು ಏನೇ ಹೇಳಲಿ, "ಒರೆಗೆ ಹಚ್ಚಿ ನೋಡೋಣ" ಅನ್ನೋನು. ಅದಕ್ಕೇ ಬೀದಿಯವರು ಅವನಿಗೆ ಒರೆಗಲ್ಲಣ್ಣ ಅಂತ ಹೆಸರಿಟ್ಟಿದ್ದರು. ಅವನು ಮಾಡಿದ ಒಡವೆಗೆ ಮೆರುಗು ಕೊಡೋದು ಅವನ ಹೆಂಡತಿ. ಆಕೆ ಉಜ್ಜಿದ ಬಳೆ ನೋಡ್ಕೊಂಡು ತಲೆ ಬಾಚಬಹುದು ಅಂತಿದ್ದರು ಗಿರಾಕಿಗಳು.

ಒಂದು ಮಧ್ಯಾಹ್ನ ಆಕೆಗೆ ಚಳಿ ಹತ್ತಿತು. ಹಲ್ಲು ಕಟಕಟ. ಎರಡು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಆಮೇಲೆ ಮೈ ಕೆಂಡದ ಹಾಗೆ ಸುಡೋಕೆ ಶುರುವಾಯ್ತು. ಸಂಜೆಗೆ ಬೆವರು ಹರಿದು ಜ್ವರ ಬಿಟ್ಟಿತು. ಮಾರನೇ ದಿನ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡಿದಳು. ಮೂರನೇ ದಿನ ಅದೇ ಹೊತ್ತಿಗೆ ಮತ್ತೆ ಚಳಿ. ಕೈಯಲ್ಲಿದ್ದ ಬಳೆ ಉರುಳಿ ಹೋಯ್ತು, ಆಕೆ ಗೋಡೆಗೊರಗಿ ಕುಸಿದಳು. ಗಂಡ ಎತ್ತಿಕೊಂಡು ಹೋಗಿ ಮಲಗಿಸಿದ. ಜೀವವೇ ಬಾಯಿಗೆ ಬಂದಿತ್ತು ಅವನಿಗೆ.

ಸಂಜೆ ಬೆವರಿ ಎದ್ದು ಕೂತಿದ್ದ ಹೆಂಡತಿಗೆ ಅವನು ಹಳೇ ಮಾತ್ರೆ ಕೊಡೋಕೆ ಹೋಗ್ತಾ ಇದ್ದ. ಆಗಲೇ ಅವನ ತಂಗಿ ಬಂದಳು. ಅವಳಿಗೆ ಊರಾಚೆ ಇರೋ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯೋ ಕೆಲಸ.

"ಅತ್ತಿಗೆ, ಇದೇನು ಮುಖ ಹೀಗೆ ಬಾಡಿದೆ?"

"ದಿನ ಬಿಟ್ಟು ದಿನ ಚಳಿಜ್ವರ ಕಣೇ ಪುಟ್ಟಿ. ನಾಳೆ ಚೆನ್ನಾಗಿರ್ತೀನಿ ಬಿಡು. ನಾಳಿದ್ದಿನ ಮಾತು ಕೇಳ್ಬೇಡ."

ತಂಗಿ ಅಣ್ಣನ ಕೈಯಿಂದ ಮಾತ್ರೆ ಕಿತ್ತುಕೊಂಡಳು. "ಅಣ್ಣ, ಇದು ಮಲೇರಿಯಾ ಇರಬಹುದು. ಮೊದಲು ರಕ್ತ ಪರೀಕ್ಷೆ ಮಾಡಿಸು."

"ಹವಾ ಬದಲಾಗಿದೆ, ಅಷ್ಟೇ. ಬಾಟಲಿ ತೊಳೆಯೋಳು ಯಾವಾಗ ಡಾಕ್ಟರಾದೆ?"

"ಬಾಟಲಿ ತೊಳೀತಾ ತೊಳೀತಾನೇ ಕಲಿತೆ! ಒಂದು ಚೂರು ಚಿನ್ನ ತಗೊಳ್ಳೋಕೂ ಒರೆಗಲ್ಲು ಬೇಕು ನಿಂಗೆ. ಅತ್ತಿಗೆಗೆ ಮಾತ್ರ ಯಾವ ಮಾತ್ರೆ ಅಂತಾನೂ ನೋಡದೆ ನುಂಗಿಸ್ತೀಯಾ?"

ಹೆಂಡತಿ ಅಷ್ಟು ಸುಸ್ತಿನಲ್ಲೂ ನಕ್ಕಳು.

"ಈಗ ಒಂದು ಹನಿ ರಕ್ತ ಸಾಕು ಅಣ್ಣ. ಪರೀಕ್ಷೆ ಮಾಡೋ ಕಾರ್ಡಿನ ಮೇಲೆ ಹಾಕಿ ಕಾಲು ಗಂಟೆ ಕಾದರೆ ಕೆಂಪು ಗೆರೆ ಬರುತ್ತೆ. ಆ ಕೆಂಪು ಏನು ಗೊತ್ತಾ? ಚಿನ್ನ!"

ಅವನು ಹೊಟ್ಟೆ ಹಿಡ್ಕೊಂಡು ನಕ್ಕ. "ನಲವತ್ತು ವರ್ಷ ಚಿನ್ನದ ಜೊತೆ ಬಾಳಿದ್ದೀನಿ. ಕರಗಿಸಿದರೂ ಹಳದಿ, ತಟ್ಟಿದರೂ ಹಳದಿ, ಚಿನ್ನವನ್ನೂ ಕರಗಿಸೋ ರಾಜದ್ರಾವದಲ್ಲಿ ಹಾಕಿದರೂ ಹಳದಿ ನೀರು. ನನ್ನ ಕಿವಿಗೇ ಹೂವಿಡ್ತೀಯಾ?"

ತಂಗಿ ಚೀಲದಿಂದ ಬೆರಳುದ್ದದ ಎರಡು ಗಾಜಿನ ಸೀಸೆ ತೆಗೆದಳು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. "ನಾಳೆ ಮಹಿಳಾ ಸಂಘದಲ್ಲಿ ತೋರಿಸು ಅಂತ ನಮ್ಮ ಲ್ಯಾಬಿನ ಮೇಡಂ ಕೊಟ್ಟಿದ್ದು. ಅದೇ ಹಳದಿ ನೀರನ್ನ ಕಾಯಿಸಿ ಅದಕ್ಕೆ ಇನ್ನೊಂದು ದ್ರಾವಣ ಬೆರೆಸ್ತಾರೆ. ಮೊದಲು ಬಣ್ಣ ಹೋಗುತ್ತೆ, ಆಮೇಲೆ ಕಪ್ಪಿಡುತ್ತೆ, ನೋಡ್ತಾ ನೋಡ್ತಾ ಕೆಂಪು! ಚಿನ್ನ ಅಷ್ಟು ಸಣ್ಣ ಕಣ ಆಗಿರುತ್ತೆ. ಕೂದಲಿನ ದಪ್ಪದಲ್ಲಿ ಸಾವಿರಕ್ಕೂ ಹೆಚ್ಚು ಕಣ ಸಾಲಾಗಿ ನಿಲ್ಲಬಹುದು. ಇದನ್ನೇ ನ್ಯಾನೋ ಅನ್ನೋದು."

"ಬಣ್ಣದ ನೀರಿಗೂ ಕಥೆ ಕಟ್ಟಬಹುದು."

"ಅತ್ತಿಗೆ, ಒಂದು ಚಿಟಿಕೆ ಉಪ್ಪು ಎಲ್ಲಿದೆ?"

ಅಡುಗೆಮನೆಯಿಂದ ಉಪ್ಪು ತಂದು ಒಂದು ಸೀಸೆಗೆ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿದಳು. ಕೆಂಪು ನೇರಳೆಯಾಯ್ತು. ನೇರಳೆ ನೀಲಿಯಾಯ್ತು. ಅಕ್ಕಸಾಲಿಗ ಸೀಸೆ ಕಿತ್ತುಕೊಂಡು ದೀಪಕ್ಕೆ ಹಿಡಿದ. ಇನ್ನೊಂದು ಸೀಸೆಯ ಜೊತೆ ಹಿಡಿದು ನೋಡಿದ.

"ಇದು ಹೇಗೇ?"

"ಬಿಡಿ ಬಿಡಿ ಇದ್ದ ಕಣಗಳು ಉಪ್ಪು ಬಿದ್ದರೆ ಗುಂಪು ಕಟ್ಟುತ್ವೆ. ಗುಂಪಾದರೆ ನೀಲಿ. ಒಂದ್ಸಲ ನಾನು ಒಂದು ಪಾತ್ರೆ ಸರಿಯಾಗಿ ತೊಳೀಲಿಲ್ಲ. ಲ್ಯಾಬಿನವರು ಬೆಳಗ್ಗೆಯಿಂದ ಮಾಡಿದ ಕೆಂಪೆಲ್ಲ ನೀಲಿಯಾಗಿ ಹೋಯ್ತು! ಬೈತಾರೆ ಅಂದ್ಕೊಂಡೆ. ಮೇಡಂ ಕೂರಿಸಿಕೊಂಡು ಇದೆಲ್ಲ ಹೇಳಿಕೊಟ್ಟರು. ಅವತ್ತಿಂದ ನನ್ನ ಕೆಲಸದ ಮೇಲೆ ನಂಗೆ ಎಷ್ಟು ಹೆಮ್ಮೆ ಗೊತ್ತಾ!"

"ಮತ್ತೆ ಇದಕ್ಕೂ ಜ್ವರಕ್ಕೂ ಏನು ಸಂಬಂಧ?" ಕೇಳಿದ್ದು ಹೆಂಡತಿ. ಆಕೆ ಕಂಬಳಿ ಸರಿಸಿ ಮುಂದಕ್ಕೆ ಬಗ್ಗಿದ್ದಳು.

"ಕಣದ ಮೈಮೇಲೆ ಕೊಕ್ಕೆ ಥರದ ಅಣುಗಳನ್ನ ಅಂಟಿಸಿರ್ತಾರೆ ಅತ್ತಿಗೆ. ರಕ್ತದಲ್ಲಿ ಮಲೇರಿಯಾ ರೋಗಾಣುವಿನ ಗುರುತಿದ್ದರೆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ. ಕಾಗದದ ಪಟ್ಟಿ ಮೇಲೆ ಹರಿದು ಹೋಗಿ ಒಂದೇ ಕಡೆ ಸಾಲಾಗಿ ನಿಲ್ಲುತ್ತೆ. ಅದೇ ಕೆಂಪು ಗೆರೆ. ನಮ್ಮಲ್ಲಿ ಒಂದು ಕೋಣೇಲಿ ಹೊಸ ಪದಾರ್ಥ ಮಾಡೋರು, ಪಕ್ಕದ ಕೋಣೇಲಿ ರೋಗಾಣು ಬಲ್ಲೋರು. ಇನ್ನೂ ಬೇಗ ಹಿಡಿಯೋ ಕಾರ್ಡ್ ಮಾಡಬೇಕು ಅಂತ ಎಲ್ಲ ಸೇರಿ ಒದ್ದಾಡ್ತಿದ್ದಾರೆ."

"ಒಂದು ಕಾರ್ಡಲ್ಲಿ ಚಿನ್ನ ಎಷ್ಟಿರುತ್ತೆ?" ಅಣ್ಣ ಮೆಲ್ಲಗೆ ಕೇಳಿದ.

"ಸಾವಿರ ಕಾರ್ಡ್ ಕರಗಿಸಿದರೂ ಓಲೆಯ ತಿರುಪಿಗೆ ಸಾಲಲ್ಲ! ಅಂಗಡಿ ತೆರೆಯೋ ಆಸೆ ಬೇಡ."

ಅವನೇ ಓಡಿಹೋಗಿ ಮುಂದಿನ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನ ಕರೆತಂದ. ಆಕೆ ಅಕ್ಕಸಾಲಿಗನ ಹೆಂಡತಿಯನ್ನ ಕೆಳಗೆ ಅಂಗಡಿಯಲ್ಲಿ ಕೂರಿಸಿ, ಬೆರಳು ಒರೆಸಿ, ಸಣ್ಣಗೆ ಚುಚ್ಚಿ, ಒಂದು ಹನಿ ರಕ್ತ ಕಾರ್ಡಿಗೆ ಹಾಕಿ, ಮೇಲೆ ಔಷಧಿ ನೀರು ಬಿಟ್ಟಳು. ನಾಲ್ಕು ಜನರೂ ಕೆಲಸದ ಮಣೆಯ ಸುತ್ತ ಕೂತರು. ಅಕ್ಕಸಾಲಿಗ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ.

ಕೆಂಪು ತೇವ ಮೆಲ್ಲಗೆ ಪಟ್ಟಿ ಮೇಲೆ ಹತ್ತಿತು.

"ಬಂತು! ಒಂದು ಗೆರೆ ಬಂತು!" ಅವನು ಕೂಗಿದ.

"ಅದು ಕಾರ್ಡ್ ಸರಿಯಾಗಿದೆ ಅಂತ ಹೇಳೋ ಗೆರೆ, ಯಜಮಾನ್ರೇ. ಕಾಲು ಗಂಟೆ ಆಗ್ಲಿ, ಅವಸರ ಬೇಡ," ಅಂದಳು ಆರೋಗ್ಯ ಕಾರ್ಯಕರ್ತೆ.

ಹೊತ್ತು ಮುಗಿಯೋ ವೇಳೆಗೆ ಅದರ ಕೆಳಗೆ ಇನ್ನೊಂದು ಗೆರೆ ಮೂಡಿತ್ತು. ತೆಳ್ಳಗೆ, ಇದ್ಯೋ ಇಲ್ವೋ ಅನ್ನೋ ಹಾಗೆ.

ಅವನ ಮುಖ ಬಿಳಿಚಿತು. "ಇದು... ತುಂಬಾ ಮಸುಕು. ಲೆಕ್ಕಕ್ಕಿಲ್ಲ ಅಲ್ವಾ?"

"ಮಸುಕಾದರೂ ಗೆರೆ ಗೆರೆಯೇ. ಇವರಿಗೆ ಮಲೇರಿಯಾ ಇದೆ. ಹೆದರಬೇಡಿ, ಬೇಗ ಸಿಕ್ಕಿದೆ. ಗೆರೆ ಬರದಿದ್ದರೂ ಸುಮ್ಮನೆ ಕೂರೋ ಹಾಗಿಲ್ಲ. ಜ್ವರ ಬಿಡದಿದ್ದರೆ ಮತ್ತೆ ಬಂದು ತೋರಿಸಲೇಬೇಕು."

ಆವತ್ತೇ ಆರೋಗ್ಯ ಕೇಂದ್ರಕ್ಕೆ ಹೋದರು. ವೈದ್ಯರು ಕೇಳಬೇಕಾದ್ದೆಲ್ಲ ಕೇಳಿ, ಇನ್ನೊಂದು ಪರೀಕ್ಷೆ ಮಾಡಿಸಿ, ಆಕೆಗೆ ಹದಿನಾಲ್ಕು ದಿನದ ಮಾತ್ರೆ ಬರೆದರು. ಗಂಡನ ರಕ್ತವನ್ನೂ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಮರುದಿನ ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು ಮಾಳಿಗೆ ಹತ್ತಿದರೆ, ನೀರಿನ ತೊಟ್ಟಿಯ ಮುಚ್ಚಳ ಎಂದೋ ಒಡೆದು ಹೋಗಿತ್ತು. ತಿಳಿನೀರಲ್ಲಿ ಸೊಳ್ಳೆಮರಿ ಮಿಜಿಮಿಜಿ. ಅಕ್ಕಸಾಲಿಗ ನೀರು ಚೆಲ್ಲಿ, ತೊಟ್ಟಿ ತಿಕ್ಕಿ, ಒಡವೆಗೆ ಬೆಸುಗೆ ಹಾಕೋವಷ್ಟು ಶ್ರದ್ಧೆಯಿಂದ ತಗಡಿನ ಮುಚ್ಚಳ ಕೂರಿಸಿದ.

ಐದನೇ ದಿನಕ್ಕೆ ಹೆಂಡತಿ ಚಂಗನೆ ಎದ್ದು ಓಡಾಡ್ತಿದ್ದಳು.

"ವಾಸಿಯಾಯ್ತಲ್ಲ, ಉಳಿದ ಮಾತ್ರೆ ಎತ್ತಿಡು. ಮುಂದೆ ಯಾರಿಗಾದರೂ ಆಗುತ್ತೆ," ಅಂದ ಗಂಡ.

"ರೀ, ಇನ್ನೊಂದ್ಸಲ ಅಂದರೆ ನೋಡಿ! ಚಳಿ ನಿಂತರೂ ರೋಗಾಣು ಒಳಗೇ ಮಲಗಿರುತ್ತಂತೆ. ಹದಿನಾಲ್ಕು ಅಂದರೆ ಹದಿನಾಲ್ಕು. ನಡುಗಿದ್ದು ನಾನು, ನೀವಲ್ಲ."

ಅವನು ಎದ್ದು ಹೋಗಿ ನೀರಿನ ಲೋಟ ತಂದುಕೊಟ್ಟ.

ಮಾತ್ರೆ ಮುಗಿದ ಮೇಲೆ ಮತ್ತೆ ರಕ್ತ ಪರೀಕ್ಷೆ ಆಯ್ತು. ರೋಗಾಣುವಿನ ಸುಳಿವೇ ಇಲ್ಲ! ಆ ಸುದ್ದಿ ಕೇಳಿ ತಂಗಿ ಅತ್ತಿಗೆಯನ್ನ ತಬ್ಬಿಕೊಂಡು ಅಂಗಡಿಯಲ್ಲೇ ಒಂದು ಸುತ್ತು ಸುತ್ತಿಸಿಬಿಟ್ಟಳು. ಈಗ ಆ ಅಂಗಡಿಗೆ ಯಾರೇ ಹೋಗಲಿ, ಅಕ್ಕಸಾಲಿಗ ಮೊದಲು ಕೇಳೋದು, "ಮನೇಲಿ ಯಾರಿಗೂ ಜ್ವರ ಇಲ್ಲ ತಾನೆ?"

ಕೇಳ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೂ ಅದನ್ನೇ ಕೇಳ್ತಿದ್ದೀನಿ. ಎಲ್ಲೋ ಒಂದು ಕೋಣೇಲಿ ಕೂತು ಎಷ್ಟೋ ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಈ ಪರೀಕ್ಷೆಯನ್ನ ನಮ್ಮ ಬಾಗಿಲಿಗೆ ತಂದಿದ್ದಾರೆ. ಬೆರಳು ಚಾಚೋದಷ್ಟೇ ನಮ್ಮ ಪಾಲಿನ ಕೆಲಸ. ಚಳಿಜ್ವರ ಬಂದರೆ ಒಂದು ದಿನವೂ ತಡಮಾಡದೆ ಪರೀಕ್ಷೆ ಮಾಡಿಸಿ. ಈಗ ನಿಮ್ಮ ಮನೇಲಿ ಯಾರಾದರೂ ಹೊದ್ದು ಮಲಗಿದ್ದಾರಾ? ಹಾಗಾದರೆ ನನ್ನ ಮಾತು ಇಷ್ಟಕ್ಕೇ ಸಾಕು. ಎದ್ದು ಹೋಗಿ, ಅವರ ಹಣೆ ಮುಟ್ಟಿ ನೋಡಿ.